ಒಬ್ಬ ಒಕ್ಕಲಿಗ, ಒಬ್ಬಳು ಹೆಣ್ಣಾಳು

ತಿರ್ಲಾಪುರ, ತಾ. ನವಲಗುಂದ
ದಿ. ೨೨-೮-೧೯೮೬

ಶ್ರೀಮತಿ ಎಲ್ಸಬಾಯಿಯವರಿಗೆ,

ನಮ್ಮ ಸಂಘದ ಇಬ್ಬರು ಪ್ರತಿನಿಧಿಗಳ ಪಾಸ್‌ಪೋರ್ಟ್ ನಿನ್ನೆ ಊರಿಗೆ ಬಂದವು. ಟಪಾಲಿನ ಬಾಬಾಸಾಬ ಅವನ್ನು ನನ್ನ ಕೈಗೆ ಕೊಡುವ ಮೊದಲೇ ಅಗಸಿ ಬಾಗಿಲಲ್ಲಿ ಕೂತವರಿಗೆಲ್ಲ ಸುದ್ದಿ ಹೇಳಿ ಬಂದಿದ್ದ. ಹುಬ್ಬಳ್ಳಿಯ ದಿನಪತ್ರಿಕೆಗೆ ಊರ ಸುದ್ದಿ ಕಳಿಸುವವನು ನಾನು. ಈ ಸಲ ಟಪಾಲಿನವನೇ ನನಗಿಂತ ಮುಂದಾದ.

ನೀವು ಫೆಬ್ರುವರಿಯಲ್ಲಿ ಬರೆದ ಕರೆಪತ್ರ ನನ್ನ ಮುಂದಿದೆ. ಸೆಪ್ಟೆಂಬರ್ ೨೭ ಮತ್ತು ೨೮ರಂದು ಬೆರ್ನ್ ಪಟ್ಟಣದಲ್ಲಿ ಏಳು ದೇಶಗಳ ಸಣ್ಣ ರೈತರು, ಹೊಲದಲ್ಲಿ ದುಡಿಯುವವರು ಕೂಡುತ್ತಾರೆಂದೂ, ನಮ್ಮ ರೈತ ಮತ್ತು ಕೂಲಿಕಾರರ ಸಂಘದಿಂದ "ಒಬ್ಬ ಒಕ್ಕಲಿಗ, ಒಬ್ಬಳು ಹೆಣ್ಣಾಳು" ಬರಬೇಕೆಂದೂ ಬರೆದಿದ್ದೀರಿ. ಒಕ್ಕಲಿಗರಾಗಿ ಅಧ್ಯಕ್ಷರಾದ ಕುಬೇರಪ್ಪನವರು ಬರುತ್ತಾರೆ. ಹೆಣ್ಣಾಳಾಗಿ ಶಿವಗಂಗವ್ವನವರು ಬರುತ್ತಾರೆ. ವಯಸ್ಸು ೩೧. ಹೊಲಮನೆಯ ಕೆಲಸ ಬಲ್ಲವರು. ಅಣ್ಣಿಗೇರಿಯಲ್ಲಿ ಮ್ಯಾಟ್ರಿಕ್‌ವರೆಗೆ ಓದಿದ್ದಾರೆ.

ಹೋದ ಅಕ್ಟೋಬರಿನಲ್ಲಿ ನೀವು ನಿಮ್ಮ ಕಡೆಯ ಮೂವರು ರೈತರೊಂದಿಗೆ ಇಲ್ಲಿಗೆ ಬಂದಾಗ ದುರ್ಗವ್ವನ ಗುಂಪಿನ ಹೆಂಗಸರ ಜೊತೆ ಎರಡು ದಿನ ಹತ್ತಿ ಹೊಲದಲ್ಲಿ ಕೂತು ಕಸ ತೆಗೆದಿರಿ. ದುರ್ಗವ್ವನೇ ಬರುವಳೆಂದು ನಿಮಗೆ ಅನಿಸಿದ್ದೀತು. ಮನೆಯ ಅಡಚಣೆಯಿಂದಾಗಿ ದುರ್ಗವ್ವ ಬರುವುದಿಲ್ಲ.

ಮಳೆ ಪರವಾಗಿಲ್ಲ. ಹೆಸರು ಬಿಡಿಸಿ ಆಗಿದೆ, ಹತ್ತಿ ಬಿತ್ತಿಗೆ ನಡೆದಿದೆ.

ತಮ್ಮ ವಿಶ್ವಾಸಿ,
ಶಂಕ್ರಪ್ಪ, ಕಾರ್ಯದರ್ಶಿ


ಲಾಂಗ್ನೌ ಹತ್ತಿರ, ಸ್ವಿಟ್ಜರ್ಲೆಂಡ್
೪ ಸೆಪ್ಟೆಂಬರ್ ೧೯೮೬

ತಮ್ಮಾ ಶಂಕ್ರಪ್ಪಾ,

ನಿನ್ನ ಪತ್ರ ಬಂತು. ಹಾಲು ಕರೆದು ಮುಗಿಸಿ, ಕೈ ತೊಳೆದುಕೊಂಡು ಓದಿದೆ. ಪಾಸ್‌ಪೋರ್ಟ್ ಬಂದದ್ದು ಸಂತೋಷ. ದುರ್ಗವ್ವ ಬರುವುದಿಲ್ಲವೆಂಬ ಸಾಲನ್ನು ಎರಡು ಸಲ ಓದಿದೆ. ಏನು ಅಡಚಣೆ? ಆರಾಮ ಇದ್ದಾಳೆಯೇ? ನನಗೆ ಬರೆ.

ನಮ್ಮ ಸಣ್ಣ ರೈತರ ಕೂಟದವರು ಹೆಣ್ಣಾಳನ್ನು ಯಾಕೆ ಕರೆದರೆಂಬುದನ್ನು ಶಿವಗಂಗವ್ವನಿಗೆ ತಿಳಿಸಿ ಹೇಳು. ಆ ದಿನ ಹತ್ತಿ ಹೊಲದಲ್ಲಿ ನನ್ನನ್ನೂ ಸೇರಿ ಹನ್ನೆರಡು ಜನ ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಕೂತಿದ್ದೆವು. ನಾನು ಅರವತ್ತೆರಡರ ಮುದುಕಿ, ಹಿಂದೆ ಬಿದ್ದೆ. ಎಡಕ್ಕಿದ್ದ ದುರ್ಗವ್ವ ತನ್ನ ಕಳೆ ಕೀಳುವ ಕುರ್ಚಿಗಿ ಚಾಚಿ ನನ್ನ ಸಾಲಿನ ಅರ್ಧ ಕಸ ತೆಗೆದಳು. ಬಲಕ್ಕಿದ್ದ ಖಾಸಿಂಬಿ ಇನ್ನರ್ಧ ತೆಗೆದಳು. ಬದುವಿಗೆ ಹನ್ನೆರಡೂ ಜನ ಕೂಡಿಯೇ ಮುಟ್ಟಿದೆವು. ಇದೇನೆಂದು ಕೇಳಿದೆ. "ಸಾಲ ಕೂಡಸೂದ್ರಿ ಬಾಯಾರ, ಮತ್ತೇನಿಲ್ಲ," ಎಂದಳು ದುರ್ಗವ್ವ.

ನಮ್ಮ ಗುಡ್ಡದಲ್ಲಿ ವರ್ಷಕ್ಕೊಂದು ದನದ ಕೊಟ್ಟಿಗೆ ಬಾಗಿಲು ಹಾಕುತ್ತದೆ. ಹಿಂದೆ ಬಿದ್ದವನನ್ನು ಆಚೀಚೆಯವರು ನೋಡುತ್ತಾರೆ, ಅಷ್ಟೆ. ಚಳಿಗಾಲದ ಸಭೆಯಲ್ಲಿ ನಾನು ಸಾಲು ಕೂಡಿಸುವ ಮಾತು ಹೇಳಿದಾಗ ಎಲ್ಲರೂ ಅದನ್ನೇ ಮತ್ತೊಮ್ಮೆ ಹೇಳಿಸಿದರು. ಅದನ್ನು ಮಾಡುವವರ ಬಾಯಿಂದಲೇ ಕೇಳಬೇಕೆಂದರು. ಅದಕ್ಕೇ ಆ ಕರೆಪತ್ರ ಹೋಯಿತು. ಕೂಟದಲ್ಲಿ ಕನ್ನಡ ಬಲ್ಲವಳು ನಾನೊಬ್ಬಳು. ಬೆಟಗೇರಿಯ ಮಿಶನ್ ಮನೆಯಲ್ಲಿ ಹುಟ್ಟಿ ಹದಿನಾಲ್ಕರ ತನಕ ಅಲ್ಲೇ ಬೆಳೆದದ್ದು ಈಗ ಉಪಯೋಗಕ್ಕೆ ಬಂತು.

ಶಿವಗಂಗವ್ವ ನನ್ನ ಮನೆಯಲ್ಲೇ ಇರಲಿ. ಅವಳು ತನ್ನ ಕುರ್ಚಿಗಿ ತರಲಿ. ಸಭೆಯಲ್ಲಿ ತೋರಿಸಬೇಕು.

ನಿನ್ನ ಅಕ್ಕನಂಥ,
ಎಲ್ಸವ್ವ


ತಿರ್ಲಾಪುರ
ದಿ. ೧೯-೯-೧೯೮೬

ಎಲ್ಸಬಾಯಿಯವರಿಗೆ,

ಪ್ರತಿನಿಧಿಗಳು ನಿನ್ನೆ ಊರು ಬಿಟ್ಟರು. ಜಹೀರುದ್ದೀನ ತನ್ನ ಟೆಂಪೊದಲ್ಲಿ ಹುಬ್ಬಳ್ಳಿ ಸ್ಟೇಶನ್ನಿಗೆ ಬಿಟ್ಟು ಬಂದು, ಮುಂಬಯಿ ಗಾಡಿ ಹೊತ್ತಿಗೆ ಸರಿಯಾಗಿ ಹೊರಟಿತೆಂದು ಇಂದು ಮುಂಜಾನೆ ತಿಳಿಸಿದ.

ಕುರ್ಚಿಗಿ ತರುತ್ತಾರೆ. ಅಣ್ಣಿಗೇರಿ ಪೇಟೆಯಿಂದ ಒಳ್ಳೆಯದನ್ನೇ ತರಿಸಿದ್ದೇವೆ.

"ತಿರ್ಲಾಪುರದ ರೈತ ಮಹಿಳೆ ವಿದೇಶಕ್ಕೆ" ಎಂಬ ತಲೆಬರಹದಲ್ಲಿ ಪತ್ರಿಕೆ ಎಂಟು ಸಾಲು ಹಾಕಿದೆ. ಕತ್ತರಿಸಿ ಇದರೊಂದಿಗೆ ಇಟ್ಟಿದ್ದೇನೆ. ದುರ್ಗವ್ವ ಆರಾಮ ಇದ್ದಾಳೆ.

ಶಂಕ್ರಪ್ಪ


ಲಾಂಗ್ನೌ ಹತ್ತಿರ
೫ ಅಕ್ಟೋಬರ್ ೧೯೮೬

ತಮ್ಮಾ ಶಂಕ್ರಪ್ಪಾ,

ನಿನ್ನ ಊರಿನವರು ಮೊನ್ನೆ ವಿಮಾನ ಹತ್ತಿದರು. ಈ ಪತ್ರಕ್ಕಿಂತ ಮೊದಲು ಅವರೇ ನಿನಗೆ ಎಲ್ಲ ಹೇಳಿರುತ್ತಾರೆ. ಸಭೆ ಚೆನ್ನಾಗಿ ಆಯಿತು. ನೂರ ಹತ್ತು ಜನ ಬಂದಿದ್ದರು. ನಿಮ್ಮವರಿಬ್ಬರ ಮಾತನ್ನು ನಾನೇ ಜರ್ಮನ್ ಭಾಷೆಗೆ ತಿರುಗಿಸಿದೆ.

ಶಿವಗಂಗವ್ವ ಒಳ್ಳೆಯವಳು. ಮೊದಲ ದಿನ ಸಂಜೆ ಮಕ್ಕಳನ್ನು ನೆನೆದು ಅತ್ತಳು. ಎರಡನೆಯ ದಿನ ನನ್ನ ಒಲೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿದಳು. ಐವತ್ತು ವರ್ಷದ ಮೇಲೆ ನನ್ನ ಮನೆಯೊಳಗೆ ಆ ಸಪ್ಪಳ ಕೇಳಿದ್ದು. ಕುಬೇರಪ್ಪನವರು ಕೋಣೆಗೆ ಬಂದರೆ ಸೆರಗು ಮುಂದೆ ತಂದು ಎದ್ದು ನಿಲ್ಲುತ್ತಿದ್ದಳು. ಧಣಿಯ ಮುಂದೆ ಆಳು ನಿಲ್ಲುವುದು ಹೀಗೇ ಎಂದು ನನಗೆ ಕೆಟ್ಟದೆನಿಸಿ, ಕೂತುಕೋ ಎಂದು ಜುಲುಮೆ ಮಾಡಿದೆ. ಕಡೆಯ ಸಂಜೆ ಮುಸುರೆ ತಿಕ್ಕುವಾಗ ಅವಳೇ ಹೇಳಿದಳು: "ಬಾಯಾರ, ಅವರು ನಮ್ಮ ಮಾವನವರ್ರಿ. ಹೆಂಗ ಕೂಡ್ಲಿ?"

ಅವಳು ಏನೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳ ಅಂಗೈ ಮೆತ್ತಗಿದೆ. ಕುರ್ಚಿಗಿಯ ಹಿಡಿಕೆಯ ಕಟ್ಟಿಗೆ ಇನ್ನೂ ಬೆಳ್ಳಗಿತ್ತು. ಅವಳು ಕೂಲಿಯವಳಲ್ಲ. ಆದರೆ ಅವಳೇ ಮುಚ್ಚಿಡಲಿಲ್ಲವೆಂದರೆ ನಿಮ್ಮಲ್ಲಿ ಯಾರೂ ಮೋಸ ಮಾಡಿಲ್ಲ. ತಪ್ಪು ನನ್ನ ಕನ್ನಡದಲ್ಲೇ ಇರಬೇಕು.

ಬೆಟಗೇರಿಯ ನಮ್ಮ ಮನೆಯಲ್ಲಿ ಒಬ್ಬಾಕೆ ಇದ್ದಳು. ಕಸ, ಮುಸುರೆ, ನನ್ನ ಜಡೆ, ಎಲ್ಲ ಅವಳ ಕೆಲಸ. ನನಗೆ ಮಾತು ಕಲಿಸಿದಾಕೆ ಅವಳು. "ಹೆಣ್ಣಾಳು ಬಂದಳೇನು?" ಎಂದು ಮುಂಜಾನೆ ಎಲ್ಲರೂ ಕೇಳುತ್ತಿದ್ದರು. ಹೀಗಾಗಿ ಹೆಣ್ಣಾಳು ಎಂದರೆ ಇನ್ನೊಬ್ಬರ ಹೊಲಮನೆಯಲ್ಲಿ ದುಡಿಯುವಾಕೆ ಎಂದೇ ತಿಳಿದಿದ್ದೆ. ಈಗ ನಿಮ್ಮ ಕಡೆ ಅದಕ್ಕೆ ಬರೀ ಹೆಂಗಸು ಎಂಬ ಅರ್ಥವೇ? ನೀನು ಪತ್ರಿಕೆಗೆ ಬರೆಯುವವನು, ನಿನಗೆ ಗೊತ್ತಿರುತ್ತದೆ. ನನ್ನ ತಪ್ಪಾಗಿದ್ದರೆ ನಾಚಿಕೊಳ್ಳದೆ ಹೇಳು.

ಎಲ್ಸವ್ವ


ತಿರ್ಲಾಪುರ
ದಿ. ೨೪-೧೦-೧೯೮೬

ಎಲ್ಸಬಾಯಿಯವರಿಗೆ,

ಪ್ರತಿನಿಧಿಗಳಿಗೆ ಈ ತಿಂಗಳ ಏಳರಂದು ಬಸ್ ಸ್ಟ್ಯಾಂಡಿನಲ್ಲಿ ಊರವರು ಹಾರ ಹಾಕಿ ಸ್ವಾಗತ ಮಾಡಿದರು. ಭಾಷಣಗಳಾದವು. ಕುಬೇರಪ್ಪನವರು ನಿಮ್ಮ ಕಡೆಯ ಆಕಳುಗಳ ಬಗ್ಗೆ ಅರ್ಧ ತಾಸು ಮಾತಾಡಿದರು. ಶಿವಗಂಗವ್ವನವರು ಮಾತಾಡಲಿಲ್ಲ.

ತಾವು ಕೇಳಿದ ಪದದ ಬಗ್ಗೆ: ಹೆಣ್ಣಾಳು ಎಂಬುದಕ್ಕೆ ಎರಡೂ ಅರ್ಥ ಇವೆ. ಕೆಲವರು ಹಾಗೆ ಅನ್ನುತ್ತಾರೆ, ಕೆಲವರು ಹೀಗೆ. ಇಷ್ಟು ವರ್ಷ ದೂರ ಇದ್ದವರಿಗೆ ಇಂಥ ಗೊಂದಲ ಆಗುವುದು ಸಹಜ. ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಹಿಂಗಾರಿ ಜೋಳ ಹುಟ್ಟಿದೆ.

ಶಂಕ್ರಪ್ಪ


ಲಾಂಗ್ನೌ ಹತ್ತಿರ
೨೦ ನವೆಂಬರ್ ೧೯೮೬

ಶಂಕ್ರಪ್ಪ ತಮ್ಮನಿಗೆ,

ಕೂಟದ ಮಂಡಳಿ ಮೊನ್ನೆ ಸೇರಿತ್ತು. ಕರೆಪತ್ರದಲ್ಲಿ ತಪ್ಪು ಪದ ಹಾಕಿದವಳು ನಾನೆಂದು ಎದ್ದು ನಿಂತು ಹೇಳಿದೆ. ಯಾರೂ ಸಿಟ್ಟಾಗಲಿಲ್ಲ. ಇನ್ನು ಮೇಲೆ ಇಂಡಿಯಾಕ್ಕೆ ಹೋಗುವ ಪತ್ರಗಳನ್ನು ಬೆರ್ನ್ ಆಫೀಸಿನವರು ಇಂಗ್ಲಿಷಿನಲ್ಲಿ ಬರೆಯುವುದೆಂದು ನಿಶ್ಚಯವಾಯಿತು. ಅದು ಸರಿಯೇ. ಅರ್ಧ ತಿಳಿದ ಭಾಷೆಯಿಂದ ಕೆಲಸ ಕೆಡುತ್ತದೆ. ನಾನು ನಿನಗೆ ಬರೆಯುವುದು ಇನ್ನು ಬರೀ ಮನೆಯ ಪತ್ರ.

ಸಭೆಯ ವರದಿ ಅಚ್ಚಾಗಿದೆ. ಒಂದು ಪ್ರತಿ ಕಳಿಸಿದ್ದೇನೆ. ಹದಿನಾಲ್ಕನೆಯ ಪುಟದಲ್ಲಿ ಶಿವಗಂಗವ್ವನ ಫೋಟೋ ಇದೆ. ಕೆಳಗಿನ ಬರಹವನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ:

"ಇಂಡಿಯಾ ದೇಶದ ತಿರ್ಲಾಪುರದ ಶಿವಗಂಗವ್ವ ಹೇಳಿದ್ದು: ಕಸ ತೆಗೆಯುವಾಗ ನಮ್ಮಲ್ಲಿ ಒಬ್ಬಾಕೆ ಹಿಂದೆ ಬಿದ್ದರೆ ಆಚೀಚೆಯವರು ಅವಳ ಸಾಲನ್ನು ಹಂಚಿಕೊಳ್ಳುತ್ತೇವೆ. ಬದುವಿಗೆ ಎಲ್ಲರೂ ಕೂಡಿ ಮುಟ್ಟುತ್ತೇವೆ. ಇದಕ್ಕೆ ಸಾಲು ಕೂಡಿಸುವುದು ಎನ್ನುತ್ತೇವೆ."

ಇದನ್ನು ದುರ್ಗವ್ವನ ಗುಂಪಿಗೆ ಓದಿ ಹೇಳು. ಅವರ ಕೆಲಸದ ಮಾತು ಏಳು ದೇಶದವರು ಕೇಳಿದರೆಂದು ಅವರಿಗೆ ತಿಳಿಯಲಿ.

ಎಲ್ಸವ್ವ


ತಿರ್ಲಾಪುರ
ದಿ. ೧೮-೧೨-೧೯೮೬

ಶ್ರೀಮತಿ ಎಲ್ಸಬಾಯಿಯವರಿಗೆ,

ದುರ್ಗವ್ವ ಮತ್ತು ಆಕೆಯ ಗುಂಪಿನ ಇತರ ಹತ್ತು ಹೆಂಗಸರು ಸಂಘದಲ್ಲಿ ತಮ್ಮ ಹೆಸರು ಬೇಡವೆಂದು ಹೇಳಿ ಕಳಿಸಿದ್ದಾರೆ. ನಿನ್ನೆ ಮುಂಜಾನೆ ಬಂದು ಹೇಳಿದಾಕೆ ಖಾಸಿಂಬಿ. ನನ್ನ ಮನೆಯ ಕಟ್ಟೆ ಹತ್ತದೆ ಕೆಳಗೇ ನಿಂತು, "ನಮ್ಮ ಹೆಬ್ಬಟ್ಟ ಅಳಿಸಿ ಬಿಡ್ರಿ ಕಾಕಾ," ಎಂದಳು.

ನೀವು ಹೇಳಿದಂತೆ ವರದಿಯನ್ನು ಓದಿದ್ದು ಈ ತಿಂಗಳ ಹದಿನಾಲ್ಕರಂದು, ಕುಬೇರಪ್ಪನವರ ಮನೆಯ ಪಡಸಾಲೆಯಲ್ಲಿ. ಗಂಡಸರು ಮೇಲೆ ಜಮಖಾನೆಯ ಮೇಲೆ ಕೂತಿದ್ದರು. ದುರ್ಗವ್ವನ ಗುಂಪು ಕೆಳಗೆ ಅಂಗಳದಲ್ಲಿ. ಸಂಘದ ಪ್ರತಿಯೊಂದು ಸಭೆಯೂ ಹೀಗೇ ನಡೆಯುತ್ತದೆ. ನೀವು ಬಂದ ದಿನ ಮಾತ್ರ ಎಲ್ಲರನ್ನೂ ಮೇಲೆ ಕೂಡಿಸಿದ್ದೆವು.

ನಾನು ಓದಿದೆ. ಸಾಲು ಕೂಡಿಸುವುದು ಎಂಬ ಮಾತು ಬಂದಾಗ ಅಂಗಳದಲ್ಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಫೋಟೋ ತೋರಿಸೆಂದು ದುರ್ಗವ್ವ ಕೇಳಿದಳು. ಪುಸ್ತಕ ಕೈಯಿಂದ ಕೈಗೆ ಇಳಿದು ಹೋಯಿತು. ಬಹಳ ಹೊತ್ತು ನೋಡಿದಳು.

"ಮಾತು ನಂದು. ಮಾರಿ ಇವರದು," ಎಂದಳು.

ಆಮೇಲೆ ನನ್ನ ಕಡೆ ತಿರುಗಿ, "ಬಾಯಾರು ನನ್ನ ಬ್ಯಾಡ ಅಂದ್ರು ಅಂದಿದ್ರಿ. ಬ್ಯಾಡಾದಾಕಿ ಮಾತು ಯಾಕ ಬೇಕಾತ್ರಿ ಅವರಿಗೆ?" ಎಂದಳು. ಉತ್ತರಕ್ಕೆ ಕಾಯದೆ ಎದ್ದು ಹೋದಳು. ಉಳಿದವರೂ ಹಿಂದೆಯೇ ಹೋದರು.

ಈಗ ನಾನು ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ನಿಮ್ಮ ಕರೆಪತ್ರ ಬಂದ ದಿನ ನಾನೇ ದುರ್ಗವ್ವನ ಮನೆಗೆ ಹೋಗಿ ನೀನು ಹೋಗಬೇಕೆಂದು ಹೇಳಿದೆ. ಮಾರ್ಚ್ ಮೂರರಂದು ಆಕೆಯನ್ನು ನವಲಗುಂದಕ್ಕೆ ಕರೆದೊಯ್ದು ಪಾಸ್‌ಪೋರ್ಟ್ ಫೋಟೋ ತೆಗೆಸಿದೆ. ಖಾಸಿಂಬಿಯ ಸೀರೆ ಉಟ್ಟು ಬಂದಿದ್ದಳು. ಫೋಟೋದವನು ನಗಬಾರದೆಂದ. "ನಕ್ಕರ ಪರದೇಶಕ್ಕ ಬಿಡಂಗಿಲ್ಲೇನ್ರಿ?" ಎಂದು ಕೇಳಿ ನಗುತ್ತಲೇ ಕೂತಳು. ಎರಡು ಸಲ ತೆಗೆಯಬೇಕಾಯಿತು.

ಮಾರ್ಚ್ ಒಂಬತ್ತರಂದು ಸಂಘದ ಕಮಿಟಿ ಸೇರಿತು. ನಾವು ಏಳು ಜನ, ಏಳೂ ಜನ ಹೊಲ ಉಳ್ಳವರು. ನಾನು ನಿಮ್ಮ ಪತ್ರ ಓದಿ ದುರ್ಗವ್ವನ ಹೆಸರು ಹೇಳಿದೆ. ಕುಬೇರಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು: "ಹೆಣ್ಣಾಳ ಅಂದ್ರ ಏನಪಾ? ಗಂಡಾಳ ಅಂದ್ರ ಗಂಡಸು, ಹೆಣ್ಣಾಳ ಅಂದ್ರ ಹೆಂಗಸು. ನಮ್ಮ ಸೊಸಿ ಹೆಂಗಸಲ್ಲೇನು?" ಎಲ್ಲರೂ ನಕ್ಕರು. ನಾನು, ಆ ಬಾಯಿಯವರು ಕೇಳಿದ್ದು ಕೂಲಿಯವರನ್ನು, ಎಂದೆ. "ಏನಪಾ ಪೇಪರಿನವನ, ಅವರ ಮನಸಿನಾಗಿಂದೂ ನಿನಗ ಟಪಾಲಿನಾಗ ಬರ್ತೈತೇನು?" ಎಂದರು. ಮತ್ತೆ ನಕ್ಕರು. ಈ ಸಲ ನಾನೂ ನಕ್ಕೆ.

ನಕ್ಕು, ಠರಾವು ಬರೆದೆ. "ಪತ್ರದಲ್ಲಿ ಕೇಳಿದಂತೆ ಹೆಣ್ಣಾಳಾಗಿ ಶಿವಗಂಗವ್ವನವರನ್ನು ಕಳಿಸತಕ್ಕದ್ದು." ಅಕ್ಷರ ನನ್ನದು.

ನನಗೆ ಯಾರೂ ಬೆದರಿಕೆ ಹಾಕಲಿಲ್ಲ. ನಾನು ಕುಬೇರಪ್ಪನವರ ಋಣದಲ್ಲೂ ಇಲ್ಲ. ಆರು ಜನ ನಗುವಾಗ ಒಬ್ಬನೇ ಮುಖ ಗಂಟಿಕ್ಕಿ ಕೂತುಕೊಳ್ಳಲು ಆಗಲಿಲ್ಲ, ಅಷ್ಟೆ. ದೊಡ್ಡ ಕಾರಣವಿದ್ದರೆ ಬರೆಯುವುದು ಸುಲಭವಾಗುತ್ತಿತ್ತು.

ಮರುದಿನ ದುರ್ಗವ್ವನಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. "ಪರದೇಶದವರು ಓದಿದವರನ್ನ ಕೇಳ್ಯಾರ, ಬಾಯಾರು ನಿನ್ನ ಬ್ಯಾಡ ಅಂದ್ರು," ಎಂದೆ. ನಿಮಗೆ ಆಕೆಯ ಮನೆಯ ಅಡಚಣೆ ಎಂದು ಬರೆದೆ. ಅಡಚಣೆ ಏನೂ ಇರಲಿಲ್ಲ. ಪತ್ರಿಕೆಗೆ ಕಳಿಸಿದ ಸುದ್ದಿಯಲ್ಲಿ ಒಂದೂ ಸುಳ್ಳು ಪದ ಬರದಂತೆ ನೋಡಿಕೊಂಡೆ. ಕೂಲಿಕಾರ್ತಿ ಎನ್ನಲಿಲ್ಲ, ರೈತ ಮಹಿಳೆ ಎಂದೆ. ಹಾಗೆ ನೋಡಿಕೊಳ್ಳುವುದು ನನಗೆ ಬರುತ್ತದೆ.

ಇದಕ್ಕಿಂತ ಕೆಟ್ಟದ್ದು ನನ್ನ ಅಕ್ಟೋಬರಿನ ಪತ್ರ. ತಪ್ಪು ನಿಮ್ಮ ಕನ್ನಡದ್ದೇ ಏನು ಎಂದು ನೀವು ಕೇಳಿದಿರಿ. ಹೆಣ್ಣಾಳು ಎಂದರೆ ಏನೆಂದು ಈ ಊರಿನಲ್ಲಿ ಮೂರು ವರ್ಷದ ಕೂಸಿಗೂ ಗೊತ್ತು. "ನಾಳೆ ಹತ್ತು ಹೆಣ್ಣಾಳು ಬೇಕು" ಎಂದರೆ ಯಾರೂ ಕುಬೇರಪ್ಪನವರ ಸೊಸೆಯನ್ನು ಕರೆಯುವುದಿಲ್ಲ. ನೀವು ಬರೆದ ಪದ ಸರಿ ಇತ್ತು. ನಿಮ್ಮ ಕನ್ನಡ ಸರಿ ಇದೆ. ಅದು ಗೊತ್ತಿದ್ದೂ, ಎರಡೂ ಅರ್ಥ ಇವೆ ಎಂದು ಬರೆದೆ. ಅದರಿಂದ ಪತ್ರ ಬರೆಯುವ ಕೆಲಸ ನಿಮ್ಮ ಕೈ ತಪ್ಪಿತೆಂದು ತಿಳಿದ ಮೇಲೂ ಎರಡು ವಾರ ಸುಮ್ಮನಿದ್ದೆ.

ಈ ಪತ್ರವನ್ನು ನಿಮ್ಮ ಮಂಡಳಿಗೆ ಓದಿ ಹೇಳಬಹುದು.

ಶಂಕ್ರಪ್ಪ


ಲಾಂಗ್ನೌ ಹತ್ತಿರ
೨ ಜನವರಿ ೧೯೮೭

ಶಂಕ್ರಪ್ಪನವರಿಗೆ,

ನಿಮ್ಮ ಪತ್ರ ಡಿಸೆಂಬರ್ ೩೦ಕ್ಕೆ ಬಂತು.

ನಿಮ್ಮ ಹಳೆಯ ಪತ್ರಗಳನ್ನು ಮತ್ತೆ ತೆಗೆದು ಓದಿದೆ. ಮೊದಲನೆಯದರಲ್ಲೇ ಎಲ್ಲ ಇತ್ತು. "ಶಿವಗಂಗವ್ವನವರು ಬರುತ್ತಾರೆ. ದುರ್ಗವ್ವ ಬರುವುದಿಲ್ಲ." ಒಬ್ಬರಿಗೆ ಅವರು, ಇನ್ನೊಬ್ಬರಿಗೆ ಇಲ್ಲ. ನನ್ನ ಕನ್ನಡ ನಿಜವಾಗಿ ಸರಿ ಇದ್ದಿದ್ದರೆ ಅಲ್ಲೇ ತಿಳಿಯಬೇಕಿತ್ತು. ನನಗೆ ತಿಳಿಯಲಿಲ್ಲ, ಯಾಕೆಂದರೆ ಬೆಟಗೇರಿಯಲ್ಲಿ ನಾವೂ ಹಾಗೇ ಮಾತಾಡುತ್ತಿದ್ದೆವು.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ದುರ್ಗವ್ವ ಹತ್ತು ತಿಂಗಳು ನಾನು ಅವಳನ್ನು ಬೇಡವೆಂದೆನೆಂದು ತಿಳಿದು ಹೊಲಕ್ಕೆ ಹೋದಳಲ್ಲ, ಅದಕ್ಕೆ. ಆದರೆ ಸಿಟ್ಟಿನಿಂದ ಬರೆಯುವ ಹಕ್ಕು ನನಗೆ ಪೂರ್ತಿ ಇಲ್ಲ. ನಾನೂ ಒಂದು ಮಾತು ಮುಚ್ಚಿಟ್ಟಿದ್ದೇನೆ.

ಸಭೆಯ ಎರಡನೆಯ ದಿನ ಒಬ್ಬ ರೈತ ಎದ್ದು ಶಿವಗಂಗವ್ವನನ್ನು ಕೇಳಿದ: ನಿಮ್ಮ ಹೊಲದಲ್ಲಿ ಒಬ್ಬಾಕೆ ಹಿಂದೆ ಬಿದ್ದರೆ ಏನು ಮಾಡುತ್ತೀರಿ? ನಾನು ಕನ್ನಡದಲ್ಲಿ ಕೇಳಿದೆ. ಅವಳು ಸ್ವಲ್ಪವೂ ತಡೆಯದೆ ಹೇಳಿದಳು: "ಹಿಂದ ಬಿದ್ದಾಕಿನ್ನ ಮರುದಿನ ಕರಿಯೂದುಲ್ಲರಿ."

ನೂರ ಹತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ಅವರು ಕಾಯುತ್ತಿದ್ದ ಮಾತು ನನಗೆ ಗೊತ್ತಿತ್ತು. ನಾನು ದುರ್ಗವ್ವನ ಮಾತನ್ನು ಜರ್ಮನ್ ಭಾಷೆಯಲ್ಲಿ ಹೇಳಿಬಿಟ್ಟೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಿವಗಂಗವ್ವ ತನ್ನ ಮಾತಿಗೆ ಯಾಕೆ ಚಪ್ಪಾಳೆ ಬಂತೆಂದು ತಿಳಿಯದೆ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಲಿಲ್ಲ. ವರದಿಯಲ್ಲಿ ಅಚ್ಚಾದದ್ದು ನನ್ನ ಸುಳ್ಳು.

ಇನ್ನೊಂದು. ನನಗೆ ಮಾತು ಕಲಿಸಿದಾಕೆಯ ಹೆಸರು ನಿಮಗೆ ಬರೆದೆನೇ? ಇಲ್ಲ. ಬರೆಯಲು ಹೋದಾಗ ಹೊಳೆಯಿತು, ನನಗೆ ಗೊತ್ತಿಲ್ಲ. ಹದಿನಾಲ್ಕು ವರ್ಷ ಅವಳು ನನ್ನ ಜಡೆ ಹೆಣೆದಳು. ಹೆಣ್ಣಾಳು ಎಂದೇ ಕರೆದೆವು.

ದುರ್ಗವ್ವನಿಗೆ ಬೇರೆ ಪತ್ರ ಬರೆದು ಇದರಲ್ಲಿ ಇಟ್ಟಿದ್ದೇನೆ. ಸಭೆಯಲ್ಲಿ ನಡೆದದ್ದನ್ನು ಅವಳಿಗೂ ಬರೆದಿದ್ದೇನೆ. ನೀವು ಓದಿ ಹೇಳಬೇಡಿರಿ. ಖಾಸಿಂಬಿ ನಾಲ್ಕನೆಯ ಇಯತ್ತೆ ಕಲಿತವಳು, ಅವಳು ಓದಲಿ. ದುರ್ಗವ್ವನ ಫೋಟೋ ನಿಮ್ಮ ಹತ್ತಿರ ಇದ್ದರೆ ಕಳಿಸಿರಿ. ನಮ್ಮ ಮಂಡಳಿ ಫೆಬ್ರುವರಿ ೧೪ಕ್ಕೆ ಸೇರುತ್ತದೆ. ವರದಿಗೆ ತಿದ್ದುಪಡಿ ಅಚ್ಚು ಹಾಕಿಸಬೇಕೆಂದು ಕೇಳುತ್ತೇನೆ. ಏನೆಂದು ಹಾಕಬೇಕು ಎಂಬುದನ್ನು ದುರ್ಗವ್ವ ಹೇಳಲಿ. ಮುಂದಿನ ಸಭೆಗೆ ಅವಳು ಬರುವಳೇ ಎಂದೂ ಕೇಳಿದ್ದೇನೆ.

ಎಲ್ಸಬೆತ್


ತಿರ್ಲಾಪುರ
ದಿ. ೧೯-೧-೧೯೮೭

ಶ್ರೀಮತಿ ಎಲ್ಸಬಾಯಿಯವರಿಗೆ,

ನಿಮ್ಮ ಪತ್ರವನ್ನು ದುರ್ಗವ್ವನವರು ನಿನ್ನೆ ಕೇಳಿಸಿಕೊಂಡರು. ಓದಿದವರು ಖಾಸಿಂಬಿ. ಉತ್ತರ ಬರೆದುಕೊಳ್ಳಲು ನನ್ನನ್ನು ಕರೆಸಿದರು. ಕೆಳಗಿನ ಓಣಿಯ ಬೇವಿನ ಗಿಡದ ಕಟ್ಟೆಯ ಮೇಲೆ ಹನ್ನೊಂದೂ ಜನ ಕೂತಿದ್ದರು. ನನಗೆ ಕೂಡಲು ಯಾರೂ ಹೇಳಲಿಲ್ಲ. ನಿಂತೇ ಬರೆದುಕೊಂಡೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಬರೆದಾದ ಮೇಲೆ ಖಾಸಿಂಬಿ ಕಾಗದ ಇಸಿದುಕೊಂಡು, ಬೆರಳಿಟ್ಟು ಓದಿ ತಾಳೆ ನೋಡಿದರು. ಒಂದು ಕಡೆ ನಾನು "ಹೇಳಿದ್ದಾರೆ" ಎಂದು ಬರೆದದ್ದನ್ನು "ಹೇಳ್ಯಾರ" ಎಂದು ತಿದ್ದಿಸಿದರು.

"ಬಾಯಾರ, ನಿಮ್ಮ ಪತ್ರ ಮುಟ್ಟಿ ಸಮಾಧಾನ ಆತು. ನೀವು ನನ್ನ ಬ್ಯಾಡ ಅಂದಿಲ್ಲ ಅನ್ನೂದು ಗೊತ್ತಾತು.

"ಶಿವಗಂಗವ್ವಗ ಯಾರೂ ಏನೂ ಅನಬ್ಯಾಡ್ರಿ. ಆಕಿ ಸುಳ್ಳ ಹೇಳಿಲ್ಲ. ಅಷ್ಟ ಮಂದ್ಯಾಗ ಖರೇ ಹೇಳಿದಾಕಿ ಆಕಿ ಒಬ್ಬಾಕಿನ. ಹಿಂದ ಬಿದ್ದಾಕಿನ್ನ ಮರುದಿನ ಕರಿಯೂದುಲ್ಲ, ಖರೇ ಐತಿ. ಅದಕ್ಕ ನಾವು ಸಾಲ ಕೂಡಸ್ತೀವಿ. ಬದುವಿನ ಮ್ಯಾಲ ಹೊಲದವರು ನಿಂತಿರ್ತಾರ. ಯಾರು ಹಿಂದ ಬಿದ್ದಾರ ಅನ್ನೂದು ಅವರಿಗೆ ಕಾಣಬಾರದು, ಅದಕ್ಕ. ಬಸರ ಹೆಂಗಸು, ಮುದುಕಿ, ಜ್ವರಾ ಬಂದಾಕಿ ಎಲ್ಲಾರೂ ಒಂದ ಹೊತ್ತಿಗೆ ಬದುವಿಗೆ ಬಂದ್ರ ಯಾರನ್ನ ಬಿಡ್ತಾರ? ನೀವು ಅದನ್ನ ಪ್ರೀತಿ ಅಂತ ತಿಳಕೊಂಡಿರಿ. ಪ್ರೀತಿನೂ ಐತಿ. ಮೊದಲ ಅಂಜಿಕಿ ಐತಿ.

"ಅದಕ್ಕ ಆಕಿ ಮಾತೂ ಬೇಕು, ನನ್ನ ಮಾತೂ ಬೇಕು. ಒಂದರ ಕೆಳಗ ಒಂದು ಹಚ್ಚರಿ. ಆಕಿ ಮಾತಿಗೆ ಆಕಿ ಹೆಸರು, ನನ್ನ ಮಾತಿಗೆ ನನ್ನ ಹೆಸರು. ಒಂದು ಬಿಟ್ಟು ಒಂದು ಹಚ್ಚಿದ್ರ ಎರಡೂ ಸುಳ್ಳ ಆಕ್ಕಾವು.

"ಬರೂದು ಈಗ ಹೇಳಂಗಿಲ್ಲ. ಮೊದಲ ಇಲ್ಲಿ ಕೆಲಸ ಐತಿ. ನಿಮ್ಮ ಜಡಿ ಹಾಕಿದಾಕಿ ಹೆಸರು ಗೊತ್ತಿಲ್ಲ ಅಂತ ಬರದೀರಿ. ಬೆಟಗೇರಿ ಇಲ್ಲೇ ಐತಿ. ಖಾಸಿಂಬಿ ತವರಮನಿ ಅಲ್ಲೇ. ಕೇಳತೀವಿ. ಹೆಸರ ಇಲ್ಲದ ಯಾರೂ ಇರಂಗಿಲ್ಲ."

ಇಷ್ಟು ಅವರ ಮಾತು.

"ಒಂದು ಬಿಟ್ಟು ಒಂದು" ಎಂದಾಗ ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಅವರ ಫೋಟೋ ಇದರೊಂದಿಗೆ ಇದೆ. ಹತ್ತು ತಿಂಗಳಿಂದ ಠರಾವು ಪುಸ್ತಕದಲ್ಲಿ ಮಾರ್ಚ್ ಒಂಬತ್ತರ ಹಾಳೆಯ ನಡುವೆಯೇ ಇತ್ತು. ಅದನ್ನು ತೆಗೆದುಕೊಂಡು ಹೋಗಿ ಮೊದಲು ಅವರಿಗೆ ಕೊಟ್ಟೆ. ನೋಡಿ, "ಇದರಾಗ ನಕ್ಕಿಲ್ಲ. ನಕ್ಕಿದ್ದು ಎಲ್ಲಿ ಹೋತ್ರಿ?" ಎಂದು ಕೇಳಿದರು. ನಕ್ಕದ್ದನ್ನು ಫೋಟೋದವನು ಇಟ್ಟುಕೊಂಡಿದ್ದಾನೆಯೇ ಎಂದು ಇದೇ ಗುರುವಾರ ನವಲಗುಂದಕ್ಕೆ ಹೋಗಿ ವಿಚಾರಿಸುತ್ತೇನೆ.

ಸಂಘದ ಸಭೆ ತಮ್ಮ ಓಣಿಯಲ್ಲಿ ನಡೆಯುವುದಾದರೆ ಮಾತ್ರ ಹೆಬ್ಬಟ್ಟು ಉಳಿಸುವ ವಿಚಾರ ಮಾಡುವುದಾಗಿ ಹನ್ನೊಂದೂ ಜನ ತಿಳಿಸಿದ್ದಾರೆ. ಕುಬೇರಪ್ಪನವರಿಗೆ ನೋಟೀಸು ಕೊಟ್ಟಿದ್ದೇನೆ. "ಕಟ್ಟಿ ಮ್ಯಾಲ ಕೂಡ್ರೂದು ನನ್ನ ಹಣ್ಯಾಗ ಬರದಿಲ್ಲ," ಎಂದು ಹೇಳಿ ಇಸಿದುಕೊಂಡರು. ಬರುವುದಿಲ್ಲವೆಂದು ಮಾತ್ರ ಹೇಳಿಲ್ಲ. ಶಿವಗಂಗವ್ವನವರು ಬರುವುದಾಗಿ ತಾವೇ ಹೇಳಿ ಕಳಿಸಿದ್ದಾರೆ.

ಸಭೆ ಫೆಬ್ರುವರಿ ೧, ರವಿವಾರ, ಮುಂಜಾನೆ ಎಂಟಕ್ಕೆ, ಕೆಳಗಿನ ಓಣಿಯ ಬೇವಿನ ಕಟ್ಟೆಯಲ್ಲಿ. ಮೊದಲನೆಯ ವಿಷಯ, ೯-೩-೧೯೮೬ರ ಠರಾವನ್ನು ಓದುವುದು. ಓದುವವನು ಕಾರ್ಯದರ್ಶಿ. ಎರಡನೆಯ ವಿಷಯ, ಹೊಸ ಕಾರ್ಯದರ್ಶಿಯ ಆಯ್ಕೆ.

ಶಂಕ್ರಪ್ಪ